ಮನುಷ್ಯರಿಂದ ಮಿಂಕ್‌ಗೆ, ಮಿಂಕ್‌ನಿಂದ ಮತ್ತೆ ಮನುಷ್ಯರಿಗೆ: ಡೆನ್ಮಾರ್ಕ್, 2020

ಡೆನ್ಮಾರ್ಕಿನ ಉತ್ತರ ತುದಿಯಲ್ಲಿರುವ ಯೋರಿಂಗ್ ಪುರಸಭೆಯ ಒಂದು ಮಿಂಕ್ (ತುಪ್ಪಳಕ್ಕಾಗಿ ಸಾಕುವ ಸಣ್ಣ ಪ್ರಾಣಿ) ಫಾರಂನಲ್ಲಿ 2020ರ ಜೂನ್ ಮಧ್ಯದಲ್ಲಿ ಕೋವಿಡ್ ವೈರಸ್ ಸಿಕ್ಕಿತು. ಪ್ರಾಣಿಗಳು ಕಾಯಿಲೆ ಬಿದ್ದವೆಂದು ಪರೀಕ್ಷೆ ಮಾಡಿದ್ದಲ್ಲ. ಫಾರಂಗೆ ಸಂಬಂಧಪಟ್ಟ ವ್ಯಕ್ತಿಗೆ ಸೋಂಕು ಬಂದಿತ್ತು, ಹಾಗಾಗಿ ಅಲ್ಲಿನ ಪ್ರಾಣಿಗಳ ಗಂಟಲು ದ್ರವವನ್ನೂ ತೆಗೆದು ನೋಡಿದ್ದರು. ಅಲ್ಲಿದ್ದ ಸುಮಾರು 11,000 ಮಿಂಕ್‌ಗಳನ್ನು ಕೊಂದರು. ಅದಾಗಿ ಆರು ತಿಂಗಳೊಳಗೆ ದೇಶದಲ್ಲಿದ್ದ ಒಂದೂವರೆ ಕೋಟಿಗೂ ಹೆಚ್ಚು ಮಿಂಕ್‌ಗಳಿಗೂ ಅದೇ ಗತಿಯಾಯಿತು, ಕೃಷಿ ಸಚಿವರು ಕುರ್ಚಿ ಬಿಟ್ಟರು, ಸೈನ್ಯದ ತರಬೇತಿ ಮೈದಾನದಲ್ಲಿ ಹೂತಿದ್ದ ಕಳೇಬರಗಳು ಮಣ್ಣಿನಿಂದ ಮೇಲೆದ್ದು ಬಂದವು. ಪ್ರಾಣಿಯಿಂದ ಮನುಷ್ಯನಿಗೆ ಬರುವ ರೋಗದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಮನುಷ್ಯನೇ ಕೊಟ್ಟ ರೋಗ ಪ್ರಾಣಿಗಳ ನಡುವೆ ಬೆಳೆದು, ಸ್ವಲ್ಪ ಬದಲಾಗಿ, ಮನುಷ್ಯನಿಗೇ ಮರಳಿದ್ದು ಹಂತ ಹಂತವಾಗಿ ದಾಖಲಾಗಿರುವ ಪ್ರಕರಣಗಳು ಕಡಿಮೆ. ಇದು ಅವುಗಳಲ್ಲಿ ದೊಡ್ಡದು.

ಮಿಂಕ್ ಯಾಕೆ, ಫಾರಂ ಯಾಕೆ

ಮಿಂಕ್ ನೀರುನಾಯಿಯ ಕುಟುಂಬಕ್ಕೆ ಸೇರಿದ ಸಣ್ಣ ಮಾಂಸಾಹಾರಿ. ತುಪ್ಪಳಕ್ಕಾಗಿ ಸಾಕುವುದು ಅಮೆರಿಕದ ಮೂಲದ ಜಾತಿಯನ್ನು. ಕೋವಿಡ್ ವೈರಸ್ ಜೀವಕೋಶದ ಒಳಹೊಗಲು ಹಿಡಿಯುವ ಎಸಿಇ2 ಎಂಬ ಪ್ರೋಟೀನು ಮಿಂಕ್‌ನ ಉಸಿರಾಟದ ನಾಳದಲ್ಲೂ ಇದೆ, ಮತ್ತು ವೈರಸ್‌ಗೆ ಸಾಕಷ್ಟು ಹೊಂದುತ್ತದೆ. ಆದರೆ ಒಳಹೊಗಲು ದಾರಿ ಸಿಕ್ಕಿದ ಮಾತ್ರಕ್ಕೆ ಮಹಾಮಾರಿ ಆಗುವುದಿಲ್ಲ. ಬೆಕ್ಕಿಗೂ ಈ ಸೋಂಕು ತಗಲುತ್ತದೆ, ಮನೆಯ ಒಂದು ಬೆಕ್ಕಿನಿಂದ ಅದು ದೂರ ಹೋಗುವುದು ಕಷ್ಟ. ಮಿಂಕ್ ವಿಷಯದಲ್ಲಿ ಸಾಕಣೆಯ ವಿಧಾನವೇ ವೈರಸ್‌ಗೆ ಅನುಕೂಲ ಮಾಡಿಕೊಟ್ಟಿತು.

ಉದ್ದನೆಯ ಚಪ್ಪರದಂಥ ಶೆಡ್ಡು. ಎರಡೂ ಬದಿ ತಂತಿ ಬೋನುಗಳ ಸಾಲು, ನಡುವೆ ಆಳು ಓಡಾಡುವ ಓಣಿ. ಯುರೋಪಿನ ಶಿಫಾರಸಿನ ಪ್ರಕಾರ ಬೋನಿನ ನೆಲ ಕನಿಷ್ಠ 2,550 ಚದರ ಸೆಂಟಿಮೀಟರ್, ಎತ್ತರ 45 ಸೆಂಟಿಮೀಟರ್. ಒಂದು ಬೋನಿಗೂ ಇನ್ನೊಂದಕ್ಕೂ ನಡುವೆ ಗಾಳಿ ತಡೆಯುವಂಥದ್ದು ಹೆಚ್ಚೇನೂ ಇರುವುದಿಲ್ಲ. ಮಲಗಲು ಹುಲ್ಲು ತುಂಬಿದ ಗೂಡು, ಹಾಗಾಗಿ ಧೂಳು. ಮೀನು ಮತ್ತು ಕಸಾಯಿಖಾನೆಯ ಉಳಿಕೆಗಳನ್ನು ಅರೆದು ಮಾಡಿದ ಹಿಟ್ಟಿನಂಥ ಆಹಾರವನ್ನು ದಿನವೂ ಬೋನಿನ ಮೇಲ್ಗಡೆಯ ತಂತಿಯ ಮೇಲೆ ಇಡುತ್ತಾರೆ, ಪ್ರಾಣಿ ಕೆಳಗಿನಿಂದ ನೆಕ್ಕಿ ತಿನ್ನುತ್ತದೆ. ಸೋಂಕಿತ ಫಾರಂಗಳಲ್ಲಿ ಪ್ರಾಣಿಗಳ ಹತ್ತಿರದ ಗಾಳಿಯಲ್ಲೂ ಹುಲ್ಲಿನಲ್ಲೂ ವೈರಸ್‌ನ ಆನುವಂಶಿಕ ವಸ್ತು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಕಾರಣ ಕ್ಯಾಲೆಂಡರಿನಲ್ಲಿದೆ. ಮಿಂಕ್ ವರ್ಷಕ್ಕೆ ಒಂದೇ ಸಲ ಮರಿ ಹಾಕುತ್ತದೆ: ಮಾರ್ಚ್‌ನಲ್ಲಿ ಕೂಡಿಸಿದರೆ ಏಪ್ರಿಲ್ ಕೊನೆ, ಮೇ ಹೊತ್ತಿಗೆ ಮರಿ. ಚಳಿಗಾಲದಲ್ಲಿ ತಳಿಗೆ ಉಳಿಸಿಕೊಂಡ ಪ್ರಾಣಿಗಳಷ್ಟೇ ಇದ್ದ ಫಾರಂನಲ್ಲಿ ಬೇಸಿಗೆಗೆ ಸಂಖ್ಯೆ ಹಲವು ಪಟ್ಟು ಏರುತ್ತದೆ, ಹೊಸದಾಗಿ ಬಂದವೆಲ್ಲ ಸೋಂಕನ್ನೇ ಕಾಣದ ಮರಿಗಳು. ತಾಯಿಂದ ಬೇರ್ಪಡಿಸುವುದು, ಲಸಿಕೆ ಹಾಕುವುದು ಎಲ್ಲ ಈ ಸಮಯದಲ್ಲೇ. ಅಂದರೆ ಪ್ರತಿ ಮರಿಯನ್ನೂ ಕೈಯಲ್ಲಿ ಹಿಡಿಯಬೇಕು, ಹಿಡಿದವರ ಮುಖ ಮರಿಯ ಮುಖದಿಂದ ಒಂದು ಮೊಳವೂ ದೂರ ಇರುವುದಿಲ್ಲ. ಶರತ್ಕಾಲದಲ್ಲಿ ತುಪ್ಪಳ ನೋಡಿ ತಳಿಗೆ ಆರಿಸುವಾಗ ಮತ್ತೊಮ್ಮೆ ಇದೇ ಕೆಲಸ. ನವೆಂಬರ್‌ನಲ್ಲಿ ಚರ್ಮ ಸುಲಿಯುವ ಕಾಲ, ಹೊರಗಿನ ಆಳುಗಳು, ಗಾಡಿಗಳು, ಯಂತ್ರಗಳು ಓಡಾಡುವ ಕಾಲ. ಸೋಂಕು ಜೂನ್‌ನಲ್ಲಿ ಬಂದದ್ದು ಈ ಕ್ಯಾಲೆಂಡರಿನ ಅತ್ಯಂತ ಕೆಟ್ಟ ಹೊತ್ತಿಗೆ.

ಜುಲೈ ತಿಂಗಳ ತೀರ್ಮಾನ

ಮೊದಲ ಮೂರು ಫಾರಂಗಳ ಪ್ರಾಣಿಗಳನ್ನು ಕೊಂದ ಮೇಲೆ ಜುಲೈನಲ್ಲಿ ಡೆನ್ಮಾರ್ಕ್ ಧೋರಣೆ ಬದಲಿಸಿತು. ಇನ್ನು ಮುಂದೆ ಸೋಂಕಿತ ಫಾರಂಗಳ ಪ್ರಾಣಿಗಳನ್ನು ಕೊಲ್ಲುವುದಿಲ್ಲ, ಓಡಾಟ ನಿರ್ಬಂಧಿಸಿ, ಆಳುಗಳಿಗೆ ಮಾಸ್ಕು, ಕೈಗವಸು ಕೊಟ್ಟು ನಿಗಾ ಇಡುತ್ತೇವೆ ಎಂದಿತು. ಕಣ್ಣಿಗೆ ಕಾಣುತ್ತಿದ್ದುದನ್ನು ನೋಡಿದರೆ ಇದು ಅವಿವೇಕವೇನಲ್ಲ. ನೆದರ್ಲೆಂಡ್ಸ್‌ನ ಮೊದಲ ಫಾರಂಗಳಲ್ಲಿ ನ್ಯುಮೋನಿಯಾ, ಸಾವು ಕಂಡಿದ್ದವು. ಡೆನ್ಮಾರ್ಕಿನ ಬಹಳಷ್ಟು ಫಾರಂಗಳಲ್ಲಿ ಕಂಡದ್ದು ಇಷ್ಟೇ: ಮೂಗಿನಲ್ಲಿ ನೀರು, ಬೋನಿನ ಮೇಲೆ ಉಳಿದುಹೋದ ಆಹಾರ, ಸಾವಿನಲ್ಲಿ ಸ್ವಲ್ಪ ಏರಿಕೆ. ಕೆಲವು ಕಡೆ ಅದೂ ಇಲ್ಲ. ರೋಗ ಒಮ್ಮೆ ಬಂದು ಹೋದರೆ ಹಿಂಡಿಗೆ ಪ್ರತಿರೋಧ ಬರುತ್ತದೆ, ತಾನಾಗಿ ಆರುತ್ತದೆ ಎಂಬ ನಿರೀಕ್ಷೆ.

ಎಡವಿದ್ದು ಇಲ್ಲಿ. ಪ್ರಾಣಿಗೆ ಎಷ್ಟು ತೊಂದರೆಯಾಗುತ್ತಿದೆ ಎಂಬುದನ್ನು ಅಪಾಯದ ಅಳತೆಗೋಲು ಮಾಡಿಕೊಂಡರು. ಮನುಷ್ಯರಿಂದ ಬಂದ ವೈರಸ್ ವಿಷಯದಲ್ಲಿ ಕೇಳಬೇಕಾದ್ದು ಬೇರೆ: ಎಷ್ಟು ಪ್ರಾಣಿಗಳ ಒಳಗೆ ವೈರಸ್ ತನ್ನ ನಕಲು ಮಾಡಿಕೊಳ್ಳುತ್ತಿದೆ, ಆ ಪ್ರಾಣಿಗಳ ಮುಂದೆ ದಿನವೂ ಎಷ್ಟು ಜನ ಉಸಿರಾಡುತ್ತಿದ್ದಾರೆ? ರಕ್ತಪರೀಕ್ಷೆ ಮಾಡಿದಾಗ ಹಲವು ಫಾರಂಗಳಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರಾಣಿಗಳಲ್ಲೂ ಪ್ರತಿಕಾಯ ಸಿಕ್ಕಿತು. ಹತ್ತು ಸಾವಿರ ಪ್ರಾಣಿಗಳ ಫಾರಂ ಎಂದರೆ ಕೆಲವೇ ವಾರಗಳಲ್ಲಿ ಹತ್ತು ಸಾವಿರ ಸೋಂಕು, ಒಂದು ಸಣ್ಣ ಪಟ್ಟಣದಲ್ಲಿ ಒಬ್ಬರನ್ನೂ ಬಿಡದೆ ಕೋವಿಡ್ ಬಂದಂತೆ. ಪ್ರತಿರೋಧ ಬಂದು ಆರುತ್ತದೆ ಎಂಬ ಲೆಕ್ಕವೂ ಕೈಕೊಟ್ಟಿತು. ಪ್ರತಿಕಾಯಗಳು ಧಾರಾಳವಾಗಿದ್ದ ಒಂದು ಫಾರಂನಲ್ಲಿ ಎರಡು ಮೂರು ತಿಂಗಳ ಮೇಲೆ ವೈರಸ್ ಮತ್ತೆ ಎದ್ದಿತು, ಅದೂ ದೊಡ್ಡ ಪ್ರಮಾಣದಲ್ಲಿ.

ನಿಗಾ ಇಡುವ ವಿಧಾನದಲ್ಲೂ ಒಂದು ಕೊರತೆ ಇತ್ತು. ಪಶುವೈದ್ಯರಿಗೆ ಇದು ಪರಿಚಿತ ಲೆಕ್ಕವೇ. ಹಿಂಡಿನ ಶೇ. 10ರಷ್ಟು ಪ್ರಾಣಿಗಳಿಗೆ ಸೋಂಕಿದ್ದಾಗ, ಎಲ್ಲ ಕಡೆಯಿಂದ ಯಾದೃಚ್ಛಿಕವಾಗಿ 30 ಪ್ರಾಣಿಗಳ ಗಂಟಲು ದ್ರವ ತೆಗೆದರೆ ಒಂದಾದರೂ ಪಾಸಿಟಿವ್ ಸಿಗುವ ಸಾಧ್ಯತೆ ಶೇ. 95ಕ್ಕೂ ಮೇಲೆ. ಸೋಂಕು ಶೇ. 5ರಷ್ಟೇ ಇದ್ದರೆ ಅದೇ 30 ಮಾದರಿಯಲ್ಲಿ ಸಾಧ್ಯತೆ ಶೇ. 78ಕ್ಕೆ ಇಳಿಯುತ್ತದೆ, ಮತ್ತೆ ಶೇ. 95 ಮುಟ್ಟಲು 60 ಮಾದರಿ ಬೇಕಾಗುತ್ತದೆ. ಐದೇ ಮಾದರಿ ತೆಗೆದರೆ, ಸೋಂಕು ಶೇ. 10 ಇದ್ದರೂ ಹಿಡಿಯುವ ಸಾಧ್ಯತೆ ಶೇ. 41 ಮಾತ್ರ. ಸತ್ತ ಪ್ರಾಣಿಗಳಲ್ಲಿ ಸೋಂಕು ಸಿಗುವ ಸಾಧ್ಯತೆ ಹೆಚ್ಚು, ಹಾಗಾಗಿ ಸತ್ತವನ್ನು ಕಳಿಸಿ ಎಂದು ಸಾಕಣೆದಾರರಿಗೆ ಹೇಳುವುದು ಅಗ್ಗದ, ಉಪಯುಕ್ತ ಉಪಾಯ. ಆದರೆ ವೈರಸ್ ಪ್ರಾಣಿಯನ್ನು ಕೊಲ್ಲದೆ ಹರಡುವಂಥದ್ದಾದರೆ ಆ ಉಪಾಯ ತಡವಾಗಿ ಕೂಗುವ ಅಲಾರಂ. ಸೋಂಕು ಒಂದು ಶೆಡ್ಡಿನ ಒಂದು ಮೂಲೆಯಿಂದ ಶುರುವಾಗುವುದರಿಂದ, ಬಾಗಿಲ ಹತ್ತಿರದ ಮೂವತ್ತು ಬೋನುಗಳಿಂದ ಮೂವತ್ತು ಮಾದರಿ ತೆಗೆದರೂ ಮೇಲಿನ ಲೆಕ್ಕ ಉಪಯೋಗಕ್ಕೆ ಬಾರದು.

ವೈರಸ್ ಬರೆದಿಟ್ಟ ದಾರಿ

ಮಿಂಕ್‌ನಿಂದ ಮನುಷ್ಯನಿಗೆ ಬಂತೋ, ಮನುಷ್ಯನಿಂದ ಮಿಂಕ್‌ಗೆ ಹೋಯಿತೋ ಎಂದು ಹೇಳುವುದು ಹೇಗೆ? ಇಬ್ಬರಲ್ಲೂ ಒಂದೇ ಸಮಯಕ್ಕೆ ಸೋಂಕು ಇದ್ದರೆ ಪಿಸಿಆರ್ ಪರೀಕ್ಷೆ ಏನೂ ಹೇಳುವುದಿಲ್ಲ. ಅದಕ್ಕೆ ವೈರಸ್‌ನ ಸುಮಾರು 30,000 ಅಕ್ಷರಗಳ ಜೀನೋಮನ್ನು ಪೂರ್ತಿ ಓದಬೇಕು. ವೈರಸ್ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಆಗಾಗ ಒಂದೊಂದು ಅಕ್ಷರ ಬದಲಾಗುತ್ತದೆ, ಹಳೆಯ ಬದಲಾವಣೆ ಉಳಿದುಕೊಂಡು ಅದರ ಮೇಲೆ ಹೊಸದು ಸೇರುತ್ತದೆ. ಯೋರಿಂಗ್ ಇರುವ ಉತ್ತರ ಜಟ್ಲೆಂಡ್ ಪ್ರದೇಶದಲ್ಲಿ ನಡೆದದ್ದು ಹೀಗೆ: ಮೊದಲು ಊರಿನ ಜನರಲ್ಲಿದ್ದ ಮಾಮೂಲಿ ವೈರಸ್ ಮಿಂಕ್‌ನಲ್ಲಿ ಸಿಕ್ಕಿತು, ಮಿಂಕ್‌ನಲ್ಲಿ ಅದಕ್ಕೆ ಹೊಸ ಬದಲಾವಣೆಗಳು ಕೂಡಿದವು, ಆಮೇಲೆ ಆ ಬದಲಾವಣೆಗಳ ಸಮೇತ ಅದೇ ವೈರಸ್ ಫಾರಂನವರಲ್ಲಿ, ನಂತರ ಫಾರಂ ಮೆಟ್ಟಿಲನ್ನೂ ಹತ್ತದವರಲ್ಲಿ ಕಂಡಿತು. ಈ ಕ್ರಮವೇ ದಿಕ್ಕಿಗೆ ಸಾಕ್ಷಿ.

ಆ ಬದಲಾವಣೆಗಳಲ್ಲಿ ಮುಖ್ಯವಾದದ್ದು ವೈ453ಎಫ್. ವೈರಸ್‌ನ ಮುಳ್ಳಿನ (ಸ್ಪೈಕ್) ಪ್ರೋಟೀನಿನ 453ನೇ ಸ್ಥಾನದಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಘಟಕ) ಹೋಗಿ ಫೀನೈಲಲನಿನ್ ಎಂಬ ಇನ್ನೊಂದು ಬಂದು ಕೂತಿತು. ಆ ಸ್ಥಾನ ಎಸಿಇ2ಗೆ ನೇರವಾಗಿ ತಾಗುವ ಜಾಗದಲ್ಲಿದೆ, ಈ ಬದಲಾವಣೆಯಿಂದ ವೈರಸ್ ಮಿಂಕ್‌ನ ಎಸಿಇ2 ಅನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ನೆದರ್ಲೆಂಡ್ಸ್‌ನ ಮಿಂಕ್‌ಗಳಲ್ಲಿ ಇದೇ ಬದಲಾವಣೆ ತನ್ನಷ್ಟಕ್ಕೆ ಬೇರೆಯಾಗಿ ಹುಟ್ಟಿತ್ತು. ಎರಡು ದೇಶಗಳಲ್ಲಿ ಬೇರೆ ಬೇರೆಯಾಗಿ ಒಂದೇ ಅಕ್ಷರ ಬದಲಾದರೆ ಅದನ್ನು ಕಾಕತಾಳೀಯ ಎನ್ನಲಾಗದು, ವೈರಸ್ ಹೊಸ ಪ್ರಾಣಿಗೆ ಒಗ್ಗಿಕೊಳ್ಳುತ್ತಿದೆ ಎಂದರ್ಥ. ತೊಂದರೆ ಏನೆಂದರೆ, ಮಿಂಕ್‌ಗೆ ಒಗ್ಗಿದ್ದರಿಂದ ಮನುಷ್ಯನ ಎಸಿಇ2 ಮೇಲಿನ ಹಿಡಿತ ಸಡಿಲವಾಗಲಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಒಂದು ಗುಂಪಿನಲ್ಲಿ ವೈ453ಎಫ್ ಜೊತೆಗೆ ಮುಳ್ಳಿನ ಪ್ರೋಟೀನಿನ ಇನ್ನೂ ಮೂರು ಬದಲಾವಣೆ ಸೇರಿಕೊಂಡವು: 69 ಮತ್ತು 70ನೇ ಅಮೈನೋ ಆಮ್ಲಗಳು ಬಿದ್ದುಹೋದದ್ದು, 692ನೇ ಮತ್ತು 1229ನೇ ಸ್ಥಾನಗಳು ಬದಲಾದದ್ದು. ಇದಕ್ಕೆ ಕ್ಲಸ್ಟರ್ 5 ಎಂದು ಹೆಸರಾಯಿತು, ಆಗಸ್ಟ್ ಮತ್ತು ಸೆಪ್ಟೆಂಬರ್‌ನ ಮಾದರಿಗಳಲ್ಲಿ 12 ಜನರಲ್ಲಿ ಕಂಡಿತು. ಡೆನ್ಮಾರ್ಕಿನ ಸರ್ಕಾರಿ ಸಾಂಕ್ರಾಮಿಕ ರೋಗ ಸಂಸ್ಥೆಯಾದ ಸ್ಟೇಟನ್ಸ್ ಸೀರಮ್ ಇನ್‌ಸ್ಟಿಟ್ಯೂಟ್ ಲ್ಯಾಬಿನಲ್ಲಿ ನೋಡಿದಾಗ, ಚೇತರಿಸಿಕೊಂಡವರ ಪ್ರತಿಕಾಯಗಳು ಈ ರೂಪಾಂತರಿಯನ್ನು ಸ್ವಲ್ಪ ಕಡಿಮೆ ತಡೆದವು. ಪರೀಕ್ಷಿಸಿದ ಮಾದರಿಗಳು ಬೆರಳೆಣಿಕೆಯವು, ಫಲಿತಾಂಶ ಪ್ರಾಥಮಿಕ. ನವೆಂಬರ್ 4ರಂದು ಪ್ರಧಾನಿ ಮೆಟ್ಟೆ ಫ್ರೆಡರಿಕ್ಸನ್ ಪತ್ರಿಕಾಗೋಷ್ಠಿಯಲ್ಲಿ, ಮುಂದೆ ಬರಲಿರುವ ಲಸಿಕೆಗೇ ಇದರಿಂದ ಕುತ್ತು ಬರಬಹುದೆಂಬ ಕಾರಣ ಕೊಟ್ಟು ದೇಶದ ಎಲ್ಲ ಮಿಂಕ್‌ಗಳನ್ನೂ ಕೊಲ್ಲುವ ತೀರ್ಮಾನ ಪ್ರಕಟಿಸಿದರು.

ಸಮರ್ಥನೆಗೆ ತಪ್ಪು ಎಳೆ ಹಿಡಿದರು ಎಂದು ಅನ್ನಿಸುತ್ತದೆ. ಕ್ಲಸ್ಟರ್ 5 ಸೆಪ್ಟೆಂಬರ್ ನಂತರ ಕಾಣಲೇ ಇಲ್ಲ. ನವೆಂಬರ್ 19ಕ್ಕೆ ಸರ್ಕಾರವೇ ಅದು ಬಹುತೇಕ ಅಳಿದಿದೆ ಎಂದಿತು. ಕೊಲ್ಲುವುದಕ್ಕೆ ಬಲವಾದ ಕಾರಣ ಅದಕ್ಕಿಂತ ನೀರಸವಾದದ್ದು. ನವೆಂಬರ್ ಮೊದಲ ವಾರ 207 ಫಾರಂಗಳಲ್ಲಿ ಸೋಂಕಿತ್ತು, ಮಿಂಕ್ ಸಂಬಂಧಿತ ರೂಪಾಂತರಿಗಳು ಜೂನ್‌ನಿಂದ ಈಚೆಗೆ 214 ಜನರಲ್ಲಿ ಸಿಕ್ಕಿದ್ದವು, ಸುಲಿಯುವ ಕಾಲ ಎದುರಿಗಿತ್ತು. ಹೆದರಿಸುವ ಒಂದು ರೂಪಾಂತರಿಯ ಮೇಲೆ ಇಡೀ ವಾದ ನಿಲ್ಲಿಸಿದ್ದರಿಂದ, ಅದು ಮಾಯವಾದ ಕೂಡಲೇ ಜನ ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳತೊಡಗಿದರು.

ಕಾನೂನು ಇರಲಿಲ್ಲ, ಗುಂಡಿ ಆಳವಿರಲಿಲ್ಲ

ಅಕ್ಟೋಬರ್ 1ರಿಂದಲೇ ಸೋಂಕಿತ ಫಾರಂಗಳನ್ನೂ, ಅವುಗಳ ಸುತ್ತ 7.8 ಕಿಲೋಮೀಟರ್ ಒಳಗಿನ ಫಾರಂಗಳನ್ನೂ ಖಾಲಿ ಮಾಡಿಸುತ್ತಿದ್ದರು. ಆ ವಲಯದ ಹೊರಗಿನ ಆರೋಗ್ಯವಂತ ಹಿಂಡನ್ನು ಕೊಲ್ಲಿಸಲು ಕಾನೂನಿನಲ್ಲಿ ಅಧಿಕಾರವೇ ಇರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಪೊಲೀಸರು ಸಿದ್ಧ ಪಠ್ಯ ಓದಿ ಸಾಕಣೆದಾರರಿಗೆ ಫೋನ್ ಮಾಡಿಯಾಗಿತ್ತು. ನವೆಂಬರ್ 16ರೊಳಗೆ ಮುಗಿಸಿದ ಆರೋಗ್ಯವಂತ ಹಿಂಡುಗಳಿಗೆ ಪ್ರಾಣಿಯೊಂದಕ್ಕೆ 20 ಕ್ರೋನರ್ (ಡೆನ್ಮಾರ್ಕಿನ ನಾಣ್ಯ) ಬೋನಸ್ ಎಂಬ ಆಮಿಷವೂ ಇತ್ತು. ತುರ್ತು ಶಾಸನಕ್ಕೆ ಸಂಸತ್ತಿನ ಮುಕ್ಕಾಲು ಭಾಗದ ಬೆಂಬಲ ಬೇಕಿತ್ತು, ಸಿಗಲಿಲ್ಲ. ಪ್ರಧಾನಿ ಕ್ಷಮೆ ಕೇಳಿದರು. ನವೆಂಬರ್ 18ರಂದು ಕೃಷಿ ಸಚಿವ ಮೊಗೆನ್ಸ್ ಯೆನ್ಸನ್ ರಾಜೀನಾಮೆ ಕೊಟ್ಟರು. ಶಾಸನ ಬಂದದ್ದು ಡಿಸೆಂಬರ್ 21ಕ್ಕೆ. ಅಷ್ಟರಲ್ಲಿ ಪ್ರಾಣಿಗಳು ಎಲ್ಲಿದ್ದವು? 2022ರ ಜೂನ್ 30ರಂದು ವರದಿ ಕೊಟ್ಟ ವಿಚಾರಣಾ ಆಯೋಗ, ಪ್ರಧಾನಿಯ ಹೇಳಿಕೆ ತೀವ್ರವಾಗಿ ದಾರಿ ತಪ್ಪಿಸುವಂಥದ್ದು, ಆದರೆ ಬೇಕೆಂದೇ ಹೇಳಿದ್ದಲ್ಲ ಎಂದಿತು. ಆಯೋಗ ಕೇಳಿದ ಅವರ ಮೊಬೈಲ್ ಸಂದೇಶಗಳು 30 ದಿನಕ್ಕೆ ತಾವಾಗಿ ಅಳಿಸಿಹೋಗುವ ಹಾಗೆ ಹೊಂದಿಸಿದ್ದವಂತೆ.

ಕಳೇಬರಗಳ ಕಥೆ ಇನ್ನೂ ಪಾಠ ಕಲಿಸುವಂಥದ್ದು. ಗ್ಯಾಸ್ ತುಂಬಿದ ಪೆಟ್ಟಿಗೆಗಳಲ್ಲಿ ಪ್ರಾಣಿಗಳನ್ನು ಕೊಲ್ಲುವುದು ಈ ಉದ್ಯಮಕ್ಕೆ ಪ್ರತಿ ವರ್ಷದ ರೂಢಿ, ಆ ಕೆಲಸ ಬೇಗ ಬೇಗ ನಡೆಯಿತು. ಕೊಂದದ್ದನ್ನು ಹಾಕುವುದೆಲ್ಲಿ? ಕಳೇಬರ ಸಂಸ್ಕರಿಸುವ ಘಟಕಗಳಿಗೂ ಸುಡುವ ಸ್ಥಾವರಗಳಿಗೂ ದಿನಕ್ಕೆ ಇಷ್ಟೇ ಎಂಬ ಮಿತಿ ಇದೆ, ಕೊಲ್ಲುವ ವೇಗ ಅದನ್ನು ದಾಟಿತು. ಉಳಿದ ಸುಮಾರು 40 ಲಕ್ಷ ಪ್ರಾಣಿಗಳನ್ನು ಹೋಲ್ಸ್ಟೆಬ್ರೊ ಮತ್ತು ಕಾರುಪ್ ಬಳಿಯ ಸೈನ್ಯದ ಜಾಗಗಳಲ್ಲಿ ಕಂದಕ ತೋಡಿ, ಸುಣ್ಣ ಹಾಕಿ ಹೂತರು. ಮೇಲೆ ಹಾಕಿದ್ದು ಒಂದು ಮೀಟರಿನ ಆಸುಪಾಸು ಮಣ್ಣು, ಅದೂ ಹಗುರವಾದ ಮರಳು ಮಣ್ಣು. ಒತ್ತಾಗಿ ಪೇರಿಸಿದ ಕಳೇಬರ ಕೊಳೆಯುವಾಗ ಹೊಟ್ಟೆಯಲ್ಲಿ ಅನಿಲ ಸೇರಿ ಉಬ್ಬುತ್ತದೆ, ಇಡೀ ರಾಶಿ ಮೇಲಕ್ಕೆ ಒತ್ತುತ್ತದೆ. ಜೇಡಿಮಣ್ಣಿನ ಭಾರ ಇದ್ದಿದ್ದರೆ ತಡೆಯುತ್ತಿತ್ತೇನೋ, ಮರಳು ಬಿರುಕು ಬಿಟ್ಟಿತು. ಕೊಳೆತ ದ್ರವ ಅಂತರ್ಜಲಕ್ಕೂ ಹತ್ತಿರದ ಕೆರೆಗೂ ಇಳಿಯುವ ಭಯ ಬೇರೆ. ಕೊನೆಗೆ 2021ರ ಮೇ ತಿಂಗಳಿಂದ ಎಲ್ಲವನ್ನೂ ಅಗೆದು ತೆಗೆದು, ಸುಮಾರು 13,000 ಟನ್ ರಾಶಿಯನ್ನು ಊರ ಕಸದ ಜೊತೆ ಬೆರೆಸಿ ಸುಟ್ಟರು. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು.

ಕೊಂದ ಕಡೆಯೂ ನಿಲ್ಲಲಿಲ್ಲ

ಜುಲೈನಲ್ಲೇ ಕೊಲ್ಲುತ್ತಾ ಹೋಗಿದ್ದರೆ ಸಾಕಿತ್ತು ಎಂದು ತೀರ್ಪು ಕೊಡುವ ಮುನ್ನ ನೆದರ್ಲೆಂಡ್ಸ್ ಕಡೆ ನೋಡಬೇಕು. ಅಲ್ಲಿ 2020ರ ಏಪ್ರಿಲ್‌ನಲ್ಲಿ ನಾರ್ತ್ ಬ್ರಬಾಂಟ್ ಪ್ರಾಂತ್ಯದ ಎರಡು ಫಾರಂಗಳಲ್ಲಿ ಸೋಂಕು ಸಿಕ್ಕಿತು, ಜೂನ್‌ನಿಂದ ಸೋಂಕಿತ ಫಾರಂಗಳ ಪ್ರಾಣಿಗಳನ್ನೆಲ್ಲ ಕೊಂದರು, ಆದರೂ ವರ್ಷಾಂತ್ಯದೊಳಗೆ ದೇಶದ ಅರ್ಧಕ್ಕಿಂತ ಹೆಚ್ಚು ಫಾರಂಗಳಿಗೆ ಹರಡಿತು. ಮೊದಲ 16 ಫಾರಂಗಳ ಅಧ್ಯಯನದಲ್ಲಿ ಪರೀಕ್ಷಿಸಿದ 97 ಜನರಲ್ಲಿ 66 ಮಂದಿಗೆ ಸೋಂಕು ತಗುಲಿದ ಗುರುತಿತ್ತು. ಫಾರಂ ಸುತ್ತ ತಿರುಗುವ ಬೀದಿ ಬೆಕ್ಕುಗಳಲ್ಲೂ ಪ್ರತಿಕಾಯ ಸಿಕ್ಕಿತು. ಅಂದರೆ ಪ್ರಾಣಿಯನ್ನು ಕೊಂದರೂ ವೈರಸ್ ಅಷ್ಟರಲ್ಲಿ ಆಳಿನ ಗಂಟಲಲ್ಲಿ ಕೂತು ಗೇಟು ದಾಟಿರುತ್ತದೆ. ಡೆನ್ಮಾರ್ಕ್‌ನಲ್ಲೂ ಕೊನೆಗೆ ಸೋಂಕಿತ ಫಾರಂಗಳ ಲೆಕ್ಕ 290ರ ಹತ್ತಿರ ನಿಂತಿತು.

ಹಾಗಾಗಿ ಕೊಲ್ಲುವುದಕ್ಕಿಂತ ಮುಂಚಿನ ಕೆಲಸಗಳಿಗೇ ಬೆಲೆ ಹೆಚ್ಚು. ಅವು ಮಿಂಕ್ ಇಲ್ಲದ ಕಡೆಗೂ ಸಲ್ಲುತ್ತವೆ: 2009ರ ಎಚ್1ಎನ್1 ಜ್ವರ ಮನುಷ್ಯರಿಂದ ಹಂದಿಗಳಿಗೆ ಹೋದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ, ಕೊಡಗು, ದಕ್ಷಿಣ ಕನ್ನಡದ ಹಂದಿ ಸಾಕಣೆದಾರರಿಗೆ ಅದು ದೂರದ ಸುದ್ದಿಯಲ್ಲ. ಮೊದಲನೆಯದು ಸಂಬಳದ ರಜೆ. ಜ್ವರ, ಕೆಮ್ಮು ಇದೆ ಎಂದು ಹೇಳಿದರೆ ಆ ದಿನದ ಕೂಲಿ ಹೋಗುತ್ತದೆಂದು ಗೊತ್ತಿರುವ ಆಳು ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾನೆ. ಗೋಡೆಗೆ ಎಷ್ಟು ಫಲಕ ಅಂಟಿಸಿದರೂ ಇದಕ್ಕೆ ಮದ್ದಿಲ್ಲ. ಎರಡನೆಯದು, ಆಳು ಮತ್ತು ಪ್ರಾಣಿ ಇಬ್ಬರ ಮಾದರಿಯನ್ನೂ ಒಂದೇ ದಿನ ತೆಗೆಯುವುದು, ಪಾಸಿಟಿವ್ ಬಂದದ್ದನ್ನು ಶೀತಲದಲ್ಲಿಟ್ಟು ಜೀನೋಮ್ ಓದಿಸುವುದು. ಆರೋಗ್ಯ ಇಲಾಖೆ ಮನುಷ್ಯರದ್ದನ್ನು, ಪಶು ಇಲಾಖೆ ಪ್ರಾಣಿಗಳದ್ದನ್ನು ಬೇರೆ ಬೇರೆ ವಾರ ತೆಗೆದರೆ ದಿಕ್ಕು ಹೇಳುವ ಪುರಾವೆಯೇ ಕೈತಪ್ಪುತ್ತದೆ. ಫಾರಂನೊಳಗೆ ಮಾತ್ರ ಹಾಕುವ ಬಟ್ಟೆ, ಬೂಟು; ಒಬ್ಬ ಆಳು ಎರಡು ಫಾರಂಗೆ ಹೋಗದಂತೆ ಕಟ್ಟು; ಮರಿಗಳ ಕೆಲಸ ಬೆಳಗ್ಗೆ ಮೊದಲು, ಅನುಮಾನದ ಶೆಡ್ಡು ಕೊನೆಗೆ; ಬೆಕ್ಕು, ಹಕ್ಕಿ ನುಗ್ಗದಂತೆ ಬಲೆ. ಮಾಸ್ಕ್ ಬಗ್ಗೆ ಒಂದು ಮಾತು: ಇಡೀ ದಿನ ಧೂಳಿನಲ್ಲಿ ದುಡಿಯುವವರ ಮಾಸ್ಕು ಬೆವರಿಗೆ ಒದ್ದೆಯಾಗಿ ಗಲ್ಲಕ್ಕೆ ಇಳಿಯುತ್ತದೆ, ಸರದಿಗೆ ಒಂದೇ ಮಾಸ್ಕು ಲೆಕ್ಕ ಹಾಕಿದರೆ ಸಾಲದು. ಇನ್ನು ಕಳೇಬರದ ಲೆಕ್ಕ. ಗರಿಷ್ಠ ಸಂಖ್ಯೆ ಇರುವ ತಿಂಗಳಲ್ಲಿ ಎಲ್ಲ ಪ್ರಾಣಿಗಳ ಒಟ್ಟು ತೂಕವನ್ನು ಹತ್ತಿರದ ಘಟಕದ ದಿನದ ಸಾಮರ್ಥ್ಯದಿಂದ ಭಾಗಿಸಿ ಎಷ್ಟು ದಿನ ಬೇಕೆಂದು ಮೊದಲೇ ಬರೆದಿಡಬೇಕು. ಆ ಉತ್ತರ ತಿಂಗಳುಗಟ್ಟಲೆ ಬಂದರೆ, ಯೋಜನೆ ಕಾಗದದಲ್ಲೇ ಸೋತಿದೆ.

ನಮ್ಮ ದೇಶದಲ್ಲಿ ಮಿಂಕ್ ಸಾಕಣೆಯ ಉದ್ಯಮವಿಲ್ಲ. 2021ರ ಮೇ, ಜೂನ್‌ನಲ್ಲಿ ಹೈದರಾಬಾದಿನ ನೆಹರು ಮೃಗಾಲಯದಲ್ಲಿ ಎಂಟು ಸಿಂಹಗಳಿಗೆ, ಚೆನ್ನೈ ಹತ್ತಿರದ ವಂಡಲೂರಿನಲ್ಲೂ ಸಿಂಹಗಳಿಗೆ ಕೋವಿಡ್ ಬಂತು. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಮುಂದೆ ಪ್ರಾಣಿಗಳಿಗೆಂದೇ ಆಂಕೋವ್ಯಾಕ್ಸ್ ಎಂಬ ಲಸಿಕೆ ತಯಾರಿಸಿತು. ಮೃಗಾಲಯದಲ್ಲಿ ಪ್ರಾಣಿಗಳು ಎಣಿಕೆಯವು, ಬೋನುಗಳು ಬೇರೆ ಬೇರೆ, ಆಳುಗಳು ಗೊತ್ತಿರುವವರು. ಅಲ್ಲಿ ಸೋಂಕು ಕಟ್ಟಿಹಾಕುವುದು ಸುಲಭ.

ಬೇಲಿ ದಾಟಿದ ಮೇಲೆ

ಫಾರಂನಿಂದ ತಪ್ಪಿಸಿಕೊಂಡ ಮಿಂಕ್ ಕಾಡಿನಲ್ಲೂ ಬದುಕುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೋಂಕಿತ ಫಾರಂ ಹತ್ತಿರ ಹಿಡಿದ ಕಾಡು ಮಿಂಕ್ ಒಂದರಲ್ಲಿ ವೈರಸ್ ಸಿಕ್ಕಿತು. ಸ್ಪೇನಿನ ವಲೆನ್ಸಿಯಾ ಪ್ರದೇಶದಲ್ಲೂ ಹೊರಗೆ ಬದುಕುತ್ತಿದ್ದ ಎರಡು ಮಿಂಕ್‌ಗಳಲ್ಲಿ ಕಂಡಿತು. ಅವೆರಡೂ ಸಣ್ಣ ಘಟನೆಗಳಾಗಿಯೇ ಉಳಿದವು. ನಿಜವಾಗಿ ಕೈಮೀರಿದ್ದು ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಗಳಲ್ಲಿ. 2021ರ ಜನವರಿಯಿಂದ ಮಾರ್ಚ್‌ವರೆಗೆ ಓಹಿಯೋದಲ್ಲಿ ಪರೀಕ್ಷಿಸಿದ 360 ಜಿಂಕೆಗಳಲ್ಲಿ 129ರ ಮೂಗಿನಲ್ಲಿ ವೈರಸ್ ಇತ್ತು, ಅದೂ ಮನುಷ್ಯರಿಂದ ಹಲವು ಸಲ ಬೇರೆ ಬೇರೆಯಾಗಿ ಬಂದದ್ದು. ಮನುಷ್ಯರಿಂದ ಜಿಂಕೆಗೆ ಹೋದ ದಾರಿ ಇದೇ ಎಂದು ಬೆರಳಿಟ್ಟು ತೋರಿಸಿದವರಿಲ್ಲ. ಹಿತ್ತಲಲ್ಲಿ ಮೇವು ಇಡುವುದು, ಕೊಳಚೆ ನೀರು, ಎಸೆದ ಆಹಾರ ಎಲ್ಲವೂ ಪಟ್ಟಿಯಲ್ಲಿವೆ.

ಇಲ್ಲಿ ಮೇಲಿನ ಯಾವ ಕ್ರಮವೂ ನಡೆಯದು. ಜಿಂಕೆಗೆ ಗೇಟಿಲ್ಲ, ಆಳಿಲ್ಲ, 7.8 ಕಿಲೋಮೀಟರ್ ವಲಯವಿಲ್ಲ, ಕೋಟಿಗಟ್ಟಲೆ ಪ್ರಾಣಿಗಳನ್ನು ಕೊಲ್ಲುವ ಮಾತೂ ಇಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2021ರ ಕೊನೆಗೆ ಬೇಟೆಗಾರರು ಹೊಡೆದ ಜಿಂಕೆಗಳಲ್ಲಿ ಬಹಳ ಬದಲಾದ ಒಂದು ವೈರಸ್ ವಂಶ ಸಿಕ್ಕಿತು, ಅದಕ್ಕೆ ಹತ್ತಿರದ್ದು ಅದೇ ಪ್ರದೇಶದ ಒಬ್ಬ ವ್ಯಕ್ತಿಯಲ್ಲೂ ಇತ್ತು. ಜಿಂಕೆಗಳ ಸಂಪರ್ಕ ಇದ್ದ ವ್ಯಕ್ತಿ. ಆ ವಂಶ ಕಣ್ಣಿಗೆ ಬಿದ್ದದ್ದೂ ಕೋವಿಡ್‌ಗೆಂದೇ ಕಟ್ಟಿದ ವ್ಯವಸ್ಥೆಯಿಂದಲ್ಲ. ಜಿಂಕೆಗಳ ಮೆದುಳಿನ ಕಾಯಿಲೆಯೊಂದನ್ನು ಗಮನಿಸಲು ಬೇಟೆಗಾರರಿಂದ ಮಾದರಿ ಪಡೆಯುವ ಏರ್ಪಾಡು ಮೊದಲೇ ಅಲ್ಲಿತ್ತು. ಅದೇ ಮಾದರಿಗಳಿಂದ ಮೂಗಿನ ದ್ರವವನ್ನೂ ಗಂಟಲಿನ ಗ್ರಂಥಿಯನ್ನೂ ತೆಗೆದು ನೋಡಿದರು.